ಉಮಾಕಾಂತನ ಚೊಕ್ಕ ಕಿವಿ

ಆಲಾಪದ ನಡುವೆ ಕರೆಗಂಟೆಯ ಸದ್ದು ನುಗ್ಗಿದಾಗ ಉಮಾಕಾಂತನ ತಲೆಯ ಮೇಲೆ ಪರರ ಸೊತ್ತು ಇತ್ತು. ಬೀಟೆ ಮರದ ಆ ಹೆಡ್‌ಫೋನನ್ನು ಎರಡೂ ಕೈಯಿಂದ ಇಳಿಸಿ, ಕಿವಿಮೆತ್ತೆಗೆ ತಾಗಿದ ತಲೆಯೆಣ್ಣೆ ಒರೆಸಿ, ಪೆಟ್ಟಿಗೆಗೆ ಹಾಕಿ, ತಿಜೋರಿಗೆ ಬೀಗ ಜಡಿದು, ಆಮೇಲೆ ಬಾಗಿಲು ತೆಗೆದ. ಇಸ್ತ್ರಿಯವನು ಬಟ್ಟೆ ತಂದಿದ್ದ, ಅಷ್ಟೇ.

“ಕಳ್ಳನ ಮನಸ್ಸು ಹುಳ್ಳುಳ್ಳಗ!” ಅಡುಗೆಮನೆಯಿಂದ ಹೆಂಡತಿ ಮಂದಾಕಿನಿ ನಕ್ಕಳು.

ನಗಲಿ ಬಿಡಿ. ಮೂರು ತಿಂಗಳಿಂದ ಅವನು ಮಾಡುತ್ತಿದ್ದದ್ದು ನಂಬಿಕೆದ್ರೋಹವೇ.

ಹೆಡ್‌ಫೋನು ಮೇಲಿನ ಮಹಡಿಯ ಧನಸುಖಭಾಯಿಯದು. ವಸ್ತ್ರಾಪುರದ ಆ ಅಪಾರ್ಟ್‌ಮೆಂಟಿನಲ್ಲಿ ಸಂಗೀತದ ಹುಚ್ಚು ಹತ್ತಿದ್ದವರು ಇಬ್ಬರೇ: ಆ ಮುದುಕರು, ಮತ್ತು ಧಾರವಾಡದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದಿದ್ದ ಉಮಾಕಾಂತ. ಕತ್ತಿಗೆ ಪಟ್ಟಿ ಕಟ್ಟಿಕೊಂಡು ಚಿಕಿತ್ಸೆಗೆಂದು ಸೂರತ್ತಿನ ಮಗಳ ಮನೆಗೆ ಹೊರಟ ದಿನ ಧನಸುಖಭಾಯಿ ಪೆಟ್ಟಿಗೆ ತಂದು ಇವನ ಕೈಗಿಟ್ಟರು. ನಿಮ್ಮಲ್ಲಿರುವ ಆಂಪ್ಲಿಫೈಯರ್ ಯಾವುದು ಎಂದು ವಿಚಾರಿಸಿದರು. ಲಿಫ್ಟಿಗೆ ಕಾಲಿಡುತ್ತಾ, ಎಂದೂ ಹಿಂದಿಯಲ್ಲೇ ಮಾತಾಡುವ ಮನುಷ್ಯ ಭಾವುಕರಾಗಿ ಗುಜರಾತಿಗೆ ಇಳಿದರು. ಇವನ ಕಿವಿಗೆ ಬಿದ್ದದ್ದು: “ರೋಜ್ ಸಂಭಾಳಜೋ, ಉಮಾಕಾಂತಭಾಯ್.”

ದಿನಾ ಸಂಭಾಳಿಸಿ! ಧಾರವಾಡದವನಿಗೆ ಈ ಮಾತಿನ ಅರ್ಥ ಹೇಳಿಕೊಡಬೇಕೇ? “ಗುಜರಾತಿ ಕಲಿಯೋದೇನ್ ದೊಡ್ಡ ಮಾತು, ಕಿವಿ ಚೊಕ್ಕ ಇದ್ರ ಸಾಕು,” ಎಂದು ಅವತ್ತೇ ಹೆಂಡತಿಯ ಮುಂದೆ ಜಂಬ ಕೊಚ್ಚಿದ್ದ. ಮೂರು ವರ್ಷ ತರಕಾರಿಯವರ ಜೊತೆ ಜಗಳಾಡಿಯೇ ಗುಜರಾತಿ ಕಲಿತಿದ್ದ ಮಂದಾಕಿನಿ ಸೊಪ್ಪು ಸೋಸತೊಡಗಿದಳು.

ಎರಡು ದಿನ ಸಂಭಾಳಿಸಿದ. ಮೂರನೆಯ ದಿನ ತಡೆಯಲಾಗಲಿಲ್ಲ.

ತಲೆಗೇರಿಸಿದರೆ ಅಬ್ಬಾ, ಏನು ಭಾರ! ಅರ್ಧ ಕಿಲೋಗೂ ಹೆಚ್ಚು. ಇವನ ಪುಟ್ಟ ಆಂಪ್ಲಿಫೈಯರಿಗೆ ಜೋಡಿಸಿದರೆ ದನಿ ಗಂಜಿನೀರು. ಇಂಥ ಎತ್ತಿಗೆ ಅಂಥದೇ ನೊಗ ಬೇಕು. ನವರಂಗಪುರದ ಅಂಗಡಿಯೊಂದರಿಂದ ವಾಲ್ವಿನ ಹಳೆಯ ಆಂಪ್ಲಿಫೈಯರ್ ಹೊತ್ತು ತಂದ. ವಾಲ್ವುಗಳು ಕೆಂಪಗೆ ಕಾದ ಮೇಲೆ ತಂಬೂರಿ ನುಡಿಯಿತು ನೋಡಿ, ಉಮಾಕಾಂತನ ಕಣ್ಣಲ್ಲಿ ನೀರು ಬಂತು. ವಾಲ್ವು ಬದಲಿಸಿದರೆ ಆಗುವ ಕೂದಲೆಳೆಯ ಫರಕನ್ನೂ ಅವನ ಕಿವಿ ಹಿಡಿಯುತ್ತಿತ್ತು.

ಅರ್ಧ ಗಂಟೆಗೆ ಕತ್ತು ಹಿಡಿಯುತ್ತಿತ್ತು, ಅದೊಂದು ಪೀಡೆ. ಪೆಟ್ಟಿಗೆಯ ತಳದಲ್ಲಿ ನೆತ್ತಿಗೆ ಹಾಕುವ ಹೊಸ ಹತ್ತಿಯ ಮೆತ್ತೆಯೊಂದು ಸಿಕ್ಕಿತು. ಅದನ್ನು ಏರಿಸಿದ ಮೇಲೆ ಎರಡು ಗಂಟೆ ಕೂತರೂ ಹಾಯೆನಿಸುತ್ತಿತ್ತು.

“ಕಾಯಾಕ ಕೊಟ್ಟಾವ್ರು ಹೊಸಾ ಮೆತ್ತಿ ಯಾಕ ಇಟ್ಟಾರು?” ಎಂದಳು ಮಂದಾಕಿನಿ.

“ದೊಡ್ಡವ್ರ ವ್ಯವಸ್ಥಾ ನಿನಗೇನ್ ತಿಳೀತದ?”

ನಡುವೆ ಒಮ್ಮೆ ಧನಸುಖಭಾಯಿಯ ಫೋನು ಬಂತು. “ಭಾರ ಅನಿಸುತ್ತಿಲ್ಲ ತಾನೇ?”

“ಛೇ ಛೇ, ನಿಮ್ಮ ವಸ್ತು ನನಗೆ ಭಾರವೇ?” ಎಂದ ಉಮಾಕಾಂತ, ಕತ್ತು ನೀವಿಕೊಳ್ಳುತ್ತಾ. ಮುದುಕರು ಖುಷಿಯಾಗಿ ನಕ್ಕರು. ಆ ನಗು ಇವನಿಗೆ ಚುಚ್ಚಿತು. ಇಷ್ಟು ನಂಬಿದವರಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಊಟ ಸೇರಲಿಲ್ಲ. ಆದರೂ ಸಂಜೆ ಬೀಗ ತೆಗೆದ. ಇದು ನನ್ನದೇ ಆಗಿದ್ದರೆ ಎಂಬ ಆಸೆ ದಿನದಿನಕ್ಕೆ ಬಲಿಯುತ್ತಿತ್ತು.

ಧನಸುಖಭಾಯಿ ಮರಳಿ ಬರುವ ಭಾನುವಾರ ಉಮಾಕಾಂತ ಬೆಳಿಗ್ಗೆಯೇ ಎದ್ದು ಸಾಕ್ಷ್ಯ ಅಳಿಸಿದ. ಮರಕ್ಕೆ ಮೆರುಗು ಕೊಟ್ಟ. ಮೆತ್ತೆಯನ್ನು ಮಡಿಚಿ ಪೆಟ್ಟಿಗೆಯ ತಳಕ್ಕೆ ಸೇರಿಸಿದ. ಆಂಪ್ಲಿಫೈಯರನ್ನು ಮಂಚದಡಿ ತಳ್ಳಿದ. ಪೆಟ್ಟಿಗೆಯೊಳಗೆ ನಾಲ್ಕು ನುಸಿಗುಳಿಗೆ ಉದುರಿಸಿದ. ತಿಂಗಳುಗಟ್ಟಲೆ ಮುಚ್ಚಿಟ್ಟ ವಾಸನೆ ಬರಬೇಕಲ್ಲ!

ಮುದುಕರು ಬಂದರು. ಕತ್ತಿನ ಪಟ್ಟಿ ಇನ್ನೂ ಹೋಗಿರಲಿಲ್ಲ. ಕೂತವರೇ ಹಿಂದಿಯಲ್ಲಿ ಕೇಳಿದರು: “ಹೇಳಿ, ಹೇಗನಿಸಿತು?”

ಬಂತು ಪರೀಕ್ಷೆ. ಉಮಾಕಾಂತ ಬೀಗದ ಕೈಯನ್ನು ಎದ್ದು ಕಾಣುವಂತೆ ಹಿಡಿದು, ತಿಜೋರಿ ತೆರೆದು, ಪೆಟ್ಟಿಗೆಯನ್ನು ಎರಡೂ ಕೈಯಿಂದ ಒಪ್ಪಿಸಿದ. “ನೀವು ಕೊಟ್ಟ ಹಾಗೆಯೇ ಇದೆ. ಕಿವಿಗೆ ತಾಗಿಸಿಲ್ಲ.”

“ಒಂದು ಸಲವೂ?”

“ದೇವರಾಣೆ, ಒಂದು ಸಲವೂ ಇಲ್ಲ. ಪರರ ವಸ್ತು ನನಗೆ ಕಲ್ಲಿಗೆ ಸಮಾನ.”

ಧನಸುಖಭಾಯಿ ಮುಚ್ಚಳ ತೆರೆದರು. ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಮಡಿಕೆ ಬಿಚ್ಚದಂತಿದ್ದ ಮೆತ್ತೆಯನ್ನು ಎತ್ತಿ ನೋಡಿದರು. ಅವರ ಮುಖ ಬಾಡಿತು.

“ಹಾಡದ ಮರ ಬರೀ ಸೌದೆ, ಭಾಯಿ,” ಎಂದರು ಮೆಲ್ಲಗೆ. “ಇರಲಿ. ವಡೋದರಾದಲ್ಲಿ ನನ್ನ ಅಣ್ಣನ ಮಗ ಮಂಥನ್ ಇದ್ದಾನೆ. ಇದನ್ನು ಅವನಿಗೇ ಕೊಟ್ಟುಬಿಡುತ್ತೇನೆ.”

ಉಮಾಕಾಂತನ ಕಣ್ಣು ಪೆಟ್ಟಿಗೆಯ ಹಿಂದೆಯೇ ಹೋಯಿತು. ಇಷ್ಟು ಪ್ರಾಮಾಣಿಕನೆಂದು ತೋರಿಸಿಕೊಂಡರೂ ಒಂದು ಶಹಬ್ಬಾಸ್ ಇಲ್ಲ! ಬಾಗಿಲ ಬಳಿ ಮುದುಕರು ಮಂದಾಕಿನಿಯೊಡನೆ ಗುಜರಾತಿಯಲ್ಲಿ ಏನೋ ಹೇಳಿಕೊಂಡರು. ಅವಳು ಬೆಪ್ಪಾಗಿ ಕೇಳಿದಳು. ಪೆಟ್ಟಿಗೆ ಲಿಫ್ಟಿನಲ್ಲಿ ಮೇಲೆ ಹೋಯಿತು.

“ಏನಂದ್ರು?”

ಮಂದಾಕಿನಿ ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತಳು. “‘ಸಂಭಾಳಜೋ’ ಅಂದ್ರ ಜೋಪಾನ ಮಾಡ್ರಿ ಅಂತ, ಖರೇ. ಆದ್ರ ಅವ್ರು ನಿಮಗ ಅಂದಿದ್ದು ‘ಸಾಂಭಳಜೋ’ ಅಂತರೀ, ದಿನಾ ಕೇಳ್ರಿ ಅಂತ. ತಮ್ಮ ಕತ್ತಿಗಂತೂ ಇನ್ನ ಆ ಭಾರ ಆಗೂದಿಲ್ಲ, ಮೂರು ತಿಂಗಳು ಕೇಳಿ ನಿಮ್ಮ ಕತ್ತಿಗೆ ಒಗ್ಗಿದ್ರ ನಿಮಗೇ ಬಿಟ್ಟುಬಿಡೋಣ ಅಂತಿದ್ರಂತ.”