ಕುಣಿಗಲ್ಲಿನ ಗೆರೆ

ಒಂದು ಕೆಂಪು ಗೆರೆ ಬಿಟ್ಟರೆ ಸುಧಾಳ ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಹೊಸದೇನೂ ಇರಲಿಲ್ಲ. ಗುಬ್ಬಿ, ಹೆಬ್ಬೂರು, ಊರ್ಡಿಗೆರೆಯ ಕೊಬ್ಬರಿ ಎಣ್ಣೆಗಳು ಬೆಳಕನ್ನು ಹೀರುವ ಗೆರೆಗಳು ಗ್ರಾಫಿನಲ್ಲಿ ಒಂದರ ಮೇಲೊಂದು ಕೂತಿದ್ದವು. ಕುಣಿಗಲ್ಲಿನ ಕೆಂಪು ಗೆರೆ ಮಾತ್ರ ಬಲಕ್ಕೆ ಸರಿದಿತ್ತು. ಅದರ ಮೇಲೆ ಜರ್ನಲ್ಲಿಗೆ ಒಂದು ಪೇಪರ್ ಬರೆಯೋಣ ಎಂದು ಗೈಡ್ ಪ್ರೇಮಲತಾ ಮೇಡಂ ಹೇಳಿಯಾಗಿತ್ತು.

ಗೆರೆಯ ಹೆಸರು ತಿದ್ದಲು ವರ್ಕ್‌ಶೀಟ್ ತೆರೆದವಳ ಬೆರಳು ಮೌಸ್ ಮೇಲೇ ನಿಂತಿತು. ಕುಣಿಗಲ್ಲಿನ ಅಳತೆ ಶುರುವಾದದ್ದು 190 ನ್ಯಾನೊಮೀಟರ್ ತರಂಗಾಂತರದಿಂದ, ಉಳಿದ ಮೂರೂ 200ರಿಂದ. ಅವಳು ನಾಲ್ಕನ್ನೂ ಗುಬ್ಬಿಯ ಎಕ್ಸ್ ಕಾಲಂ, ಅಂದರೆ 200ರಿಂದ ಶುರುವಾಗುವ ತರಂಗಾಂತರಗಳ ಪಟ್ಟಿಯ ಮೇಲೇ ಪ್ಲಾಟ್ ಮಾಡಿದ್ದಳು. ಗೆರೆ ಸರಿದದ್ದು ಎಣ್ಣೆಯಿಂದಲ್ಲ, ಅವಳಿಂದ.

"ಬುಡು ಕಣೇ," ಎಂದ ಪಕ್ಕದಿಂದ ಪರದೆ ನೋಡುತ್ತಿದ್ದ ಸಹಪಾಠಿ ಸಿದ್ಧಾರ್ಥ್. "ಕುಣಿಗಲ್ ಎಣ್ಣೆ ಬಂದು ಸಾಕ್ಷಿ ಹೇಳ್ತದಾ?"

"ಇನ್ನೊಬ್ರು ಅಳೆದ್ರೆ ಹೇಳ್ತದೆ ಕಣೋ."

ಅವಳು ಕುಣಿಗಲ್ಲಿನ ಅಳತೆಗೆ ಅದರದೇ ಎಕ್ಸ್ ಕಾಲಂ ಕೊಟ್ಟು ಮತ್ತೆ ಪ್ಲಾಟ್ ಒತ್ತಿದಳು. ಕೆಂಪು ಗೆರೆ ಎಡಕ್ಕೆ ಜಾರಿ ಉಳಿದ ಮೂರರ ಮೇಲೆ ಕೂತಿತು. ಸುಧಾ ಹಳೆಯ ಗ್ರಾಫ್ ಅಳಿಸಿ ಫೋನ್ ಎತ್ತಿಕೊಂಡಳು. "ಮೇಡಂ, ನಾಲ್ಕೂ ಎಣ್ಣೆ ಒಂದೇ. ತಪ್ಪು ನಂದು, ಸರಿ ಮಾಡಿದೀನಿ."

ಹೋದದ್ದು ಒಂದು ಪೇಪರ್. ಅವಳ ಹತ್ತಿರ ಇದ್ದದ್ದೂ ಅದೊಂದೇ.