ಅಮ್ಮ ಟ್ರಯಲ್ ನೋಡಿದ ಗಾಡಿ

‘ಕರ್ರ್’ ಎಂದು ಸದ್ದು ಬಂದದ್ದೇ ತಡ, ಮಗಳು ಬ್ರೇಕ್ ಒತ್ತಿದಳು. ಹಿಂದೆ ಹೇರಿದ್ದ ಮರಳಿನ ಮೂಟೆಗಳು ಒಮ್ಮೆ ಜಗ್ಗಿ ನಿಂತವು. ಪಿಕಪ್ ಇನ್ನೂ ಮನೆಯ ಅಂಗಳವನ್ನೇ ದಾಟಿರಲಿಲ್ಲ. ಗೇಟಿನ ಮುಂದಿನ ತಗ್ಗಿಗೆ ಇಳಿಯುತ್ತಾ ಬಲಕ್ಕೆ ತಿರುಗಿದ್ದಷ್ಟೇ.

“ಏನೂ ಇಲ್ಲ, ಹೊಸ ಟೈರ್ ಅಲ್ವಾ, ಸ್ವಲ್ಪ ಮುನಿಸ್ಕೊಂಡಿದೆ,” ಎಂದ ಟೈರ್ ಅಂಗಡಿಯವನು. ಚಕ್ರಕ್ಕಿಂತ ಮಾತಿಗೇ ಹೆಚ್ಚು ಗಾಳಿ ತುಂಬುತ್ತಾನೆ ಎಂದು ಎಲ್ಲರೂ ಅವನನ್ನು ಗಾಳಿಯಣ್ಣ ಎನ್ನುತ್ತಿದ್ದರು.

“ಟೈರು ಮುನಿಸ್ಕೊಳ್ಳಲ್ಲ ಅಣ್ಣ. ಎಲ್ಲೋ ಉಜ್ತಿದೆ.”

ಗುಡ್ಡದ ತುದಿಯ ಟವರಿಗೆ ಸಾಮಾನು ಸಾಗಿಸುವ ಕೆಲಸ ಇವತ್ತು ಅವಳ ಕೈಗೆ ಬರಬೇಕಿತ್ತು. ಊಟದ ಹೊತ್ತಿಗೆ ಟವರಿನ ಮೇಲ್ವಿಚಾರಕ ಬಂದು, ಪಕ್ಕದಲ್ಲಿ ಕೂತು, ಲೋಡಿನ ಸಮೇತ ಗುಡ್ಡ ಹತ್ತಿಸಿ ನೋಡುವವನಿದ್ದ. ಆ ಕಲ್ಲುದಾರಿಯಲ್ಲಿ ಗಾಡಿಯ ಹೊಟ್ಟೆ ತಾಗದಿರಲೆಂದು ಅವಳು ಅದರ ಬಾಡಿಯನ್ನು ಆಗಲೇ ಎತ್ತರಿಸಿದ್ದಳು. ಬೆಳಿಗ್ಗೆ ಅವಳೂ ಗಾಳಿಯಣ್ಣನೂ ಸೇರಿ ಹಳೆಯ ಚಕ್ರ ಬಿಚ್ಚಿ, ಅಗಲದ ಹೊಸ ಚಕ್ರ, ದೊಡ್ಡ ಟೈರು ಹಾಕಿದ್ದರು. ಜ್ಯಾಕ್ ಮೇಲಿರುವಾಗಲೇ ಸ್ಟೇರಿಂಗನ್ನು ಆಚೆಗೊಮ್ಮೆ ಈಚೆಗೊಮ್ಮೆ ಪೂರ್ತಿ ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಎಂದು ಕುಣಿದಿದ್ದೂ ಆಗಿತ್ತು. ಈಗ ನೋಡಿದರೆ ಇದು! ಗುಡ್ಡದ ತಿರುವಿನಲ್ಲಿ ಹೀಗೇ ಉಜ್ಜಿದರೆ ಟೈರು ಸೀಳಿಹೋಗುತ್ತದೆ.

ಮುಂದಿನ ಕೋಣೆಯ ಕಿಟಕಿಯಿಂದ ಅಮ್ಮನ ದನಿ, ಹೊಲಿಗೆ ಮೆಷಿನ್ನಿನ ಸದ್ದಿನ ಜೊತೆಗೇ ಬಂತು. “ಒಳ್ಳೇದೇ ಆಯ್ತು. ಆ ದಾರಿ ನಿನಗೆ ಬೇಡ ಅಂತ ಗಾಡೀನೇ ಹೇಳ್ತಿದೆ.”

“ಹಳೇ ಟೈರೇ ಹಾಕ್ಬಿಡೋಣ ಬಿಡಮ್ಮ,” ಎಂದು ಗಾಳಿಯಣ್ಣ ಮಗಳಿಗೆ ಹೇಳಿ, ನಟ್ಟು ಬಿಚ್ಚುವ ಪಾನ ಎತ್ತಿಕೊಂಡ. “ಕೆಲಸ ಬೇರೆ ಸಿಗುತ್ತೆ.”

ಮಾತಿಗೆ ಮಾತು ಕೊಡದೆ ಬಿಡುವವಳೇ ಅಲ್ಲದ ಮಗಳು ಗಾಡಿಯಿಂದ ಇಳಿದು, ಬಿಚ್ಚಿಟ್ಟ ಚಕ್ರದ ಮೇಲೆ ಕೂತು, ಗ್ರೀಸ್ ಹತ್ತಿದ ಅಂಗೈಯನ್ನು ನೋಡುತ್ತಾ ಉಳಿದಳು. ಸ್ವಲ್ಪ ಹೊತ್ತಿಗೆ ಒಳಗೆ ಮೆಷಿನ್ ನಿಂತಿತು. ಅಮ್ಮ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಹೊರಗೆ ಬಂದಳು. ಕೈಯಲ್ಲಿ ಬಟ್ಟೆಗೆ ಗುರುತು ಹಾಕುವ ಬಿಳಿ ಚಾಕ್ ಬಿಲ್ಲೆ.

“ಗಾಡಿ ಎತ್ತಿ ನಿಲ್ಲಿಸಿದಾಗ ಚಕ್ರ ಜೋತುಬಿದ್ದಿತ್ತು. ಆಗ ತಿರುಗಿಸಿ ನೋಡಿದ್ರೆ ಏನು ತಾಗುತ್ತೆ? ಅಂಗೀನ ಹ್ಯಾಂಗರ್‌ಗೆ ಹಾಕಿ ಸರಿಯಾಗಿದೆ ಅಂದ ಹಾಗಾಯ್ತು. ಮೈಮೇಲೆ ಹಾಕಿ ಕೈ ಎತ್ತಿಸಬೇಕು, ಕೂರಿಸಬೇಕು. ಅಲ್ವೇನಪ್ಪಾ?”

ಗಾಳಿಯಣ್ಣನ ಬಾಯಿಗೆ ಮೊದಲ ಸಲ ಪಂಕ್ಚರ್ ಆಯಿತು.

“ಬೆಳಿಗ್ಗೆಯಿಂದ ನೋಡ್ತಿದ್ಯಾ?” ಎಂದಳು ಮಗಳು.

“ಮತ್ತೆ ಕಿಟಕಿ ಇರೋದ್ಯಾಕೆ?”

“ಆವಾಗ್ಲೇ ಹೇಳ್ಬಾರ್ದಿತ್ತಾ ಅಮ್ಮ?”

“ಆಗದೇ ಹೋಗ್ಲಿ ಅಂತಿದ್ದೆ ಕಣೇ. ಆದ್ರೆ ನೀನು ಹೀಗೆ ಸುಮ್ನೆ ಕೂತಿದ್ದು ನೋಡಕ್ಕಾಗ್ಲಿಲ್ಲ. ಏಳು, ಗಾಡಿ ಹತ್ತು.”

ಅಮ್ಮ ಟೈರಿನ ಅಂಚಿಗೆ ಸುತ್ತಲೂ ಚಾಕ್ ಉಜ್ಜಿದಳು. ಮುಂದಿನ ಬಲಚಕ್ರವನ್ನು ದಪ್ಪ ಹಲಗೆಯ ಮೇಲೆ ಹತ್ತಿಸಿದರು. ಚಕ್ರ ಮೇಲಕ್ಕೆ ಒತ್ತಿಕೊಂಡಿತು. ಮಗಳು ಸ್ಟೇರಿಂಗ್ ಪೂರ್ತಿ ತಿರುಗಿಸಿದಳು. ಮತ್ತೆ ಕರ್ರ್. ಮಡ್‌ಗಾರ್ಡಿನ ಒಳಗಿನ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ, ಮುಂದಿನ ಮೂಲೆಯಲ್ಲಿ, ಬಿಳಿಯ ಗೀರು ಮೂಡಿತ್ತು.

“ಕಂಕುಳಲ್ಲಿ ಹಿಡೀತಿದೆ, ಅಷ್ಟೇ,” ಎಂದಳು ಅಮ್ಮ.

“ಅಷ್ಟನ್ನ ಕತ್ತರಿಸಿದ್ರೆ ಆಯ್ತಕ್ಕ, ಏನೂ ತೊಂದ್ರೆ ಇಲ್ಲ. ಆದ್ರೆ ಅದರ ಬ್ಲೇಡು ಅಂಗಡೀಲಿದೆ. ಹೋಗಿ ಬರೋದ್ರಲ್ಲಿ ಆ ಟವರಿನ ಮನುಷ್ಯ ಬಂದ್ಬಿಡ್ತಾನೆ.”

ಅಮ್ಮ ಒಳಗೆ ಹೋಗಿ ತನ್ನ ದೊಡ್ಡ ಕತ್ತರಿ ತಂದಳು. ಮಗಳು ಬೆಚ್ಚಿದಳು. ಆ ಕತ್ತರಿಯಲ್ಲಿ ಕಾಗದ ಕತ್ತರಿಸಿದರೂ ಮನೆ ರಣರಂಗವಾಗುತ್ತಿತ್ತು.

“ಅಮ್ಮಾ, ಮೊಂಡಾಗುತ್ತೆ!”

“ಸಾಣೆ ಹಿಡಿಸ್ತೀನಿ. ನೀನು ಬೆಳಕಿಗೆ ಅಡ್ಡ ಬರ್ಬೇಡ.”

ಚಕ್ರವನ್ನು ಆಚೆ ತಿರುಗಿಸಿಕೊಂಡು, ಕೂತು, ಬಗ್ಗಿ, ಬಿಳಿ ಗೀರಿನ ಹೊರಗೆ ಒಂದಿಷ್ಟು ಜಾಗ ಬಿಟ್ಟು, ಅಮ್ಮ ಅಂಗಿಯ ತೋಳಿನ ಸುತ್ತು ತೆಗೆದಂತೆ ನಿಧಾನವಾಗಿ ಕತ್ತರಿಸಿದಳು. ಉಳಿದ ಅಂಚನ್ನು ಗಾಳಿಯಣ್ಣ ಒಳಕ್ಕೆ ಒತ್ತಿ ಸ್ಕ್ರೂ ಬಿಗಿದ. ಎಡದ್ದಕ್ಕೂ ಅದೇ ಅಳತೆ ಹಾಕೋಣವೇ ಎಂದ. “ಎರಡು ತೋಳು ಒಂದೇ ಥರ ಇರಲ್ಲಪ್ಪ, ಅದಕ್ಕೂ ಚಾಕ್ ಹಚ್ಚು,” ಎಂದಳು ಅಮ್ಮ. ನಿಜಕ್ಕೂ ಎಡಗಡೆ ಗೀರು ಬಿದ್ದದ್ದು ಬೇರೆಯೇ ಜಾಗದಲ್ಲಿ. ಅದನ್ನೂ ಅಮ್ಮ ಕತ್ತರಿಸಿದಳು.

“ಈಗ ತಗ್ಗಿಗೆ ಇಳಿಸು,” ಎಂದವಳು ತಾನೇ ತಡೆದಳು. “ತಾಳು. ಮರಳೆಲ್ಲಾ ಹಿಂದೆ. ಮುಂದೆ ಆ ಟವರಿನವನು ಕೂರ್ತಾನಲ್ಲ, ಆ ಭಾರ ಎಲ್ಲಿ?” ಎನ್ನುತ್ತಾ ತಾನೇ ಆಚೆ ಬಾಗಿಲು ತೆಗೆದಳು.

“ಏಣಿ ತರ್ಲಾ ಅಕ್ಕ?” ಗಾಳಿಯಣ್ಣನಿಗೆ ಉಸಿರು ಮರಳಿತ್ತು.

“ನಿನ್ನ ಗಾಳಿ ಸಾಕು, ಕೈ ಕೊಡು.”

ಅವನ ಕೈ ಹಿಡಿದು, ಬಾಗಿಲ ಹಿಡಿಕೆಗೆ ಜೋತು, ದೇವರನ್ನೂ ಮಗಳನ್ನೂ ಒಟ್ಟಿಗೆ ಬೈಯುತ್ತಾ ಅಮ್ಮ ಹತ್ತಿ ಕೂತಳು. ಪಿಕಪ್ ತಗ್ಗಿಗಿಳಿದು ಬಲಕ್ಕೆ ಪೂರ್ತಿ ತಿರುಗಿತು. ಇಬ್ಬರೂ ಕಿವಿಗೊಟ್ಟರು. ಸದ್ದಿಲ್ಲ. ಹಿಂದೆ ಬಂದು, ಮತ್ತೆ ಇಳಿದು, ಎಡಕ್ಕೆ. ಮಣ್ಣಿನ ಮೇಲೆ ಟೈರು ಹೊರಳುವ ಮೆತ್ತನೆಯ ಸದ್ದು ಬಿಟ್ಟರೆ ಏನೂ ಇಲ್ಲ. ಹೊರಗೆ ಗಾಳಿಯಣ್ಣ ಪಾನ ಎಸೆದು ಸೀಟಿ ಹೊಡೆದ.

ಮಗಳು ಗೇಟಿನಾಚೆ ಗಾಡಿ ನಿಲ್ಲಿಸಿದಳು. ಎದುರಿಗೆ ಮನೆಗಳ ಮಾಡುಗಳ ಮೇಲಿಂದ ಗುಡ್ಡ ಕಾಣುತ್ತಿತ್ತು. “ಆಯ್ತಮ್ಮಾ. ಇಳೀತೀಯಾ?”

ಅಮ್ಮ ಇಳಿಯಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಆ ಕಡೆಯೇ ನೋಡುತ್ತಿದ್ದಳು.

“ಇಷ್ಟು ಮೇಲೆ ಕೂತು ನೋಡಿದ್ರೆ ಅದು ಅಷ್ಟೇನೂ ಎತ್ತರ ಇಲ್ಲ ಕಣೇ.”