ಉಕ್ಕಿದ ಹಾಲು

ಸ್ಕೂಟರಿನಿಂದ ಬಿದ್ದಾಗ ಹೆಲ್ಮೆಟ್ ಅವನ ತಲೆಯ ಮೇಲಿರಲಿಲ್ಲ, ಕನ್ನಡಿಗೆ ನೇತುಬಿದ್ದಿತ್ತು. ತಲೆಯ ಹಿಂಭಾಗ ರಸ್ತೆಗೆ ಬಡಿದಿತ್ತು. ಗಾಯ ಮಾಗಿತು, ಹೊಲಿಗೆ ಬಿಚ್ಚಿದರು, ಹೊರಗೆ ಕಾಣುವಂಥದ್ದೇನೂ ಉಳಿಯಲಿಲ್ಲ. ಹುಷಾರಾದನಲ್ಲ ಎಂದು ಹೆಂಡತಿ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಆಮೇಲೆ ಶುರುವಾದದ್ದು ಅವನ ಕೊಂಕು. ಒಗ್ಗರಣೆಯ ಘಮ ಪಕ್ಕದ ಮನೆಗೂ ಹೋಗುತ್ತಿತ್ತು, ಅವನು ಮಾತ್ರ ಸಾರಿಗೆ ಇಂಗೇ ಹಾಕಿಲ್ಲ ಎನ್ನುತ್ತಿದ್ದ. ಅವಳು ಮುಡಿದ ಮಲ್ಲಿಗೆಯನ್ನು ಮೂಸಿ ನೋಡಿ ಪ್ಲಾಸ್ಟಿಕ್ಕಿನದಾ ಎಂದು ಕೇಳಿದ. ಈ ದಿನ ಮಧ್ಯಾಹ್ನ, ಕಾಫಿಯಲ್ಲ ಇದು ಬಿಸಿನೀರು ಎಂದು ಲೋಟವನ್ನು ಸಿಂಕಿಗೆ ಸುರಿದು ಹೊರಗೆ ಹೋದ. ಅವಳು ಅಳುತ್ತಲೇ ಕಿಟಕಿ ಬಾಗಿಲು ಹಾಕಿ ತವರಿಗೆ ಹೊರಟುಬಿಟ್ಟಳು.

ಬಸ್ಸು ಊರು ದಾಟಿದ ಮೇಲೆ ಹಾಲಿನ ನೆನಪಾಯಿತು. ಫೋನ್ ಮಾಡಿದಳು.

"ರೀ, ಮನೆಗೆ ಬಂದ್ರಾ? ಒಲೆ ಮೇಲೆ ಹಾಲಿಟ್ಟಿದ್ದೆ. ಆರಿಸಿದ್ನೋ ಇಲ್ವೋ ಗೊತ್ತಾಗ್ತಿಲ್ಲ."

"ಈಗ ಬಂದೆ, ಅಡುಗೆಮನೇಲೇ ಇದೀನಿ. ಒಲೆ ಉರೀತಿಲ್ಲ. ಹಾಲು ಉಕ್ಕಿ ಕಟ್ಟೆಯೆಲ್ಲ ಚೆಲ್ಲಿದೆ."

"ಉಕ್ಕಿದ ಹಾಲಿಗೇ ಒಲೆ ಆರಿದ್ರೆ? ಗ್ಯಾಸ್ ವಾಸನೆ ಬರ್ತಿದೆಯಾ ನೋಡಿ."

ಅವನು ಜೋರಾಗಿ ಉಸಿರೆಳೆದುಕೊಂಡದ್ದು ಫೋನಿನಲ್ಲಿ ಕೇಳಿಸಿತು.

"ಯಾವ ವಾಸನೇನೂ ಇಲ್ಲ. ನೀನೇ ಆರಿಸಿರ್ತೀಯ."

"ಸದ್ಯ," ಎಂದಳು. ಅವನ ಮೇಲಿನ ಸಿಟ್ಟೂ ಅರ್ಧ ಇಳಿಯಿತು. "ಕಾಫಿ ಕುಡಿದ್ರಾ?"

"ಇಲ್ಲ. ಪಾತ್ರೇಲಿ ಇನ್ನೂ ಸ್ವಲ್ಪ ಹಾಲು ಉಳಿದಿದೆ. ಇರು, ಲೈಟರ್ ಸಿಕ್ತು. ಕಾಫಿ ಅಂದ್ರೆ ಹೇಗಿರ್ಬೇಕು ಅಂತ ಇವತ್ತು ನಾನು ಮಾಡಿ ತೋರಿಸ್ತೀನಿ."